ಕಲಬುರಗಿ ಬಿಸಲಾಗ ಮಾಡೆಲ್ ಕಾರ್ ಕಟ್ಟೋದು ಹ್ಯಾಂಗ್ರಿ?

ಕೇಳಿದವರು: ಕಲಬುರಗಿ, ಸೇಡಂ ರಸ್ತೆ

ಎಲ್ಲಾರಿಗೂ ನಮಸ್ಕಾರ್ರಿ. ಗೆಳೆಯ ಒಬ್ಬಾವ ಹೈದರಾಬಾದಿಂದ ತಾಮಿಯಾ ಕಂಪನಿದು 1/24 ಅಳತಿ (ಖರೆ ಕಾರಿನ 24ರಾಗ ಒಂದು ಪಾಲು) ಪ್ಲಾಸ್ಟಿಕ್ ಕಾರ್ ಕಿಟ್ ತಂದು ಕೊಟ್ಟಾನ. ಡಬ್ಬಿ ತೆಗದು ಆ ಸಣ್ಣ ಸಣ್ಣ ತುಂಡು ನೋಡಿ ಮತ್ತ ಹಾಂಗೇ ಮುಚ್ಚಿಟ್ಟೀನಿ. ಅಂಟು, ಬಣ್ಣ, ಹತಾರ ಏನೂ ಇಲ್ಲ. ಊರಾಗ ಇದರ ಅಂಗಡಿ ನನಗಂತೂ ಸಿಕ್ಕಿಲ್ಲ. ಇಲ್ಲೇ ಏನೇನ್ ಸಿಗ್ತದ, ಹೊರಗಿಂದ ಏನ್ ತರಿಸ್ಲೇಬೇಕು? ಈಗ ಏಪ್ರಿಲ್, ಫ್ಯಾನಿನ ಗಾಳಿನೇ ಝಳ ಹೊಡಿತದ. ಇಂಥಾದ್ರಾಗ ಬಣ್ಣ ಹೊಡಿಬಹುದಾ? ಇನ್ನೊಂದು, ನಮ್ಮಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ರು. ಮುಂದ ಅದನ್ನೂ ಸಣ್ಣದಾಗಿ ಮಾಡ್ಬೇಕಂತ ಮನಸ್ಸದ. ಮಾಡಿದವರು ಇದ್ರ ಹೇಳ್ರಿ.

ಬೀದರ್, ಮೈಲೂರು

ಸರ, ಮೊದಲ್ನೇ ಕಿಟ್ಟಿಗೇ ಗಾಳಿಲೆ ಬಣ್ಣ ಸಿಂಪಡಿಸೋ ಏರ್‌ಬ್ರಶ್, ಕಂಪ್ರೆಸರ್ ಅಂತ ರೊಕ್ಕ ಹಾಕಬ್ಯಾಡ್ರಿ. ಹೊರಗಿಂದ ತರಿಸ್ಲೇಬೇಕಾದ್ದು ಹಸಿರು ಮುಚ್ಚಳದ ತಾಮಿಯಾ ಎಕ್ಸ್‌ಟ್ರಾ ಥಿನ್ ಅಂಟು, ಬಣ್ಣಕ್ಕ ಮೊದ್ಲು ಹೊಡಿಯೋ ಒಂದು ಪ್ರೈಮರ್, ಕಾರಿನ ಬಾಡಿ ಮ್ಯಾಲೆ ಹೊಡಿಯಾಕ ಒಂದು ಸ್ಪ್ರೇ ಡಬ್ಬಿ, ಸೀಟು-ಡ್ಯಾಶ್‌ಬೋರ್ಡಿಗೆ ಒಂದೆರಡು ಅಕ್ರಿಲಿಕ್ ಬಾಟ್ಲಿ. ಅಷ್ಟೇ. ಸ್ಪ್ರೇ ಟಿಎಸ್ ಸರಣಿದೇ ಇರ್ಲಿ. ಪಿಎಸ್ ಅಂತ ಬರೋದು ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಬಾಡಿಗೆ, ನಿಮ್ಮದಕ್ಕ ಅಲ್ಲ.

ಆ ಅಂಟು ಬರೇ ಮ್ಯಾಲಿಂದ ಮ್ಯಾಲೆ ಹಿಡಿಯೂದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನ ಒಂದು ಮಾಡ್ತದ. ತುಂಡು ಜೋಡಿಸಿ ಹಿಡಿದು ಸಂದಿಗೆ ಬ್ರಶ್ ತಾಗಿಸಿದ್ರ ತಾನೇ ಒಳಗ ಹರೀತದ. ಕಿಟಕಿಯ ಪ್ಲಾಸ್ಟಿಕ್ ಗ್ಲಾಸಿಗೆ ಮಾತ್ರ ಇದೂ ಬ್ಯಾಡ, ಫೆವಿಕ್ವಿಕ್ ಜಾತಿ ಅಂಟೂ ಬ್ಯಾಡ, ಅದರ ಆವಿಗೆ ಗ್ಲಾಸು ಬೆಳ್ಳಗ ಮಬ್ಬಾಗ್ತದ. ಬಿಳಿ ಫೆವಿಕಾಲ್ ಹಚ್ರಿ, ಒಣಗಿದ ಮ್ಯಾಲೆ ಕಾಣೂದಿಲ್ಲ.

ಉಳಿದ ಹತಾರ ಎಲ್ಲಾ ಊರಾಗೇ ಅವ. ಸೈಡ್ ಕಟರ್ ಟಿವಿ-ಮೊಬೈಲ್ ರಿಪೇರಿ ಸಾಮಾನಿನ ಅಂಗಡ್ಯಾಗ. ಚಿಮಟ, ಸಣ್ಣ ಅರ, ಬೆರಳಿನಾಗ ತಿರುಗಿಸೋ ಡ್ರಿಲ್ ಪತ್ತಾರರ ಸಾಮಾನು ಮಾರೋರ ಹತ್ರ. ವಾಟರ್ ಪೇಪರ್ ಗಾಡಿ ಪೇಂಟಿನ ಅಂಗಡ್ಯಾಗ 400ರಿಂದ 2000ದ ತನಕ ಬಿಡಿಯಾಗಿ ಕೊಡ್ತಾರ. ತುಂಡು ಹತ್ಕೊಂಡಿರೋ ಪ್ಲಾಸ್ಟಿಕ್ ಕಡ್ಡಿಯಿಂದ ಅದನ್ನ ಬುಡಕ್ಕೇ ಕತ್ತರಿಸಬ್ಯಾಡ್ರಿ, ಜರಾ ದೂರ ಕತ್ತರಿಸಿ ಆಮ್ಯಾಲೆ ಉಳಿದ ಮೊಳಿ ತೆಗೀರಿ. ಬಣ್ಣಕ್ಕ ಮೊದ್ಲು ಪಾತ್ರೆ ಸೋಪಿನ ನೀರಾಗ ಎಲ್ಲಾ ತೊಳೀರಿ, ಅಚ್ಚಿನ ಜಿಡ್ಡು ಇರ್ತದ.

ಕಲಬುರಗಿ, ಹುಮನಾಬಾದ್ ರಿಂಗ್ ರೋಡ್

ನಾ ದೊಡ್ಡ ಗಾಡಿಗೆ ಬಣ್ಣ ಹೊಡಿಯಾವ, ಸಣ್ಣವು ಮನ್ಯಾಗ ಶೋಕಿಗೆ. ಏಪ್ರಿಲ್-ಮೇದಾಗ ಹೊಡಿಬಹುದ್ರಿ, ಹೊತ್ತು ನೋಡಬೇಕು. ಮಧ್ಯಾಹ್ನ 42 ಡಿಗ್ರಿ ಇದ್ದಾಗ ಬಣ್ಣದ ಹನಿ ಬಾಡಿ ಮುಟ್ಟೋದ್ರಾಗೇ ಅರ್ಧ ಒಣಗಿರ್ತದ. ಮುಟ್ಟಿದ ಮ್ಯಾಲೆ ಹರಡೂದಿಲ್ಲ, ಉಸುಕು ಉದುರಿಸಿದಂಗ ಒರಟ ಕೂಡ್ತದ. ಮುಂಜಾನಿ ಏಳರೊಳಗ ಕೆಲಸ ಮುಗಸ್ರಿ. ಏರ್‌ಬ್ರಶ್ ಇದ್ದವರು ಥಿನ್ನರಿನಾಗ ಬಣ್ಣ ಲಗೂನ ಒಣಗದಂಗ ಮಾಡೋ ರಿಟಾರ್ಡರ್ ಸ್ವಲ್ಪ ಹಾಕಬೇಕು, ಗಾಳಿ ಒತ್ತಡ 15-20 ಪಿಎಸ್‌ಐ ಮೀರಬಾರ್ದು. ನೀರಿನ ಅಕ್ರಿಲಿಕ್ ಇಲ್ಲಿ ನಾಜಲಿನ ತುದ್ಯಾಗೇ ಒಣಗಿ ಕೂಡ್ತದ, ನನ್ನ ಮಾತು ಕೇಳಿದ್ರ ಬ್ಯಾಸಗಿಗೆ ಥಿನ್ನರ್ ಬಣ್ಣ, ಅಂದ್ರ ಲ್ಯಾಕರ್ರೇ ಛಲೋ.

ಝಳ ಅಂತ ಕೂಲರ್ ಹಚ್ಚಿಕೊಂಡು ಹೊಡಿಬ್ಯಾಡ್ರಿ. ಥಿನ್ನರ್ ಆರುವಾಗ ಬಾಡಿ ತಂಪಾಗ್ತದ, ಕೂಲರಿನ ಹಸಿ ಗಾಳಿ ಅದರ ಮ್ಯಾಲೆ ಕೂತು ಬಣ್ಣದಾಗ ಬಿಳಿ ಮಬ್ಬು ಬರ್ತದ. ಮಳಿಗಾಲದಾಗೂ ಇದೇ ಕಥಿ. ಸ್ಪ್ರೇ ಡಬ್ಬಿನ ಗಾಡಿ ಒಳಗ ಬಿಟ್ಟು ಹೋಗಬ್ಯಾಡ್ರಿ. ಡಬ್ಬಿ ಮ್ಯಾಲೆ 50 ಡಿಗ್ರಿ ದಾಟಬಾರ್ದಂತ ಬರದಿರ್ತದ, ನಮ್ಮೂರ ಬಿಸಲಾಗ ನಿಂತ ಕಾರಿನ ಒಳಗ ಅದು ಸಹಜ ದಾಟ್ತದ. ಬಣ್ಣ ಹೊಡೆದ ಬಾಡಿನೂ ತಗಡಿನ ಮ್ಯಾಲೆ ಒಣಗಾಕ ಇಡಬ್ಯಾಡ್ರಿ. ಡಬ್ಬಾ ಮುಚ್ಚಿ ಮನಿ ಒಳಗ ಇಡ್ರಿ, ಧೂಳೂ ಕೂಡೂದಿಲ್ಲ.

ಗ್ಯಾರೇಜಿನ ಬಣ್ಣ ನಡೀತದೇನ್ ಅಂತ ಎಲ್ಲಾರೂ ಕೇಳ್ತಾರ. ನಡೀತದ, ಆದ್ರ ಅದರಾಗಿನ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಬರೇ ಪ್ಲಾಸ್ಟಿಕ್ಕಿಗೆ ಬಿದ್ರ ಮೈಯೆಲ್ಲಾ ಬಿರುಕು. ಮೊದ್ಲು ಪ್ರೈಮರ್ ಪೂರಾ ಮುಚ್ಚಿರಬೇಕು, ಆಮ್ಯಾಲೆ ತೆಳ್ಳಗ, ನಡುವ ನಡುವ ಆರಿಸಿ. ಮೆಟಾಲಿಕ್ ಮಾತ್ರ ತರಬ್ಯಾಡ್ರಿ, ದೊಡ್ಡ ಗಾಡಿಯ ಮಿನುಗಿನ ಕಣ ಸಣ್ಣ ಬಾಡಿ ಮ್ಯಾಲೆ ಜರಿ ಚೆಲ್ಲಿದಂಗ ಕಾಣ್ತದ. ಮತ್ತ ಕೊನಿಗೆ ಮಿಂಚಿಗೆ ಹೊಡಿಯೋ ಬಣ್ಣ ಇಲ್ಲದ ಪದರ, ಅಂದ್ರ ಕ್ಲಿಯರ್, ಅದರಾಗ ಹಾರ್ಡ್‌ನರ್ ಕೂಡಿಸೋ 2ಕೆ ಹೊಡೀರಿ ಅಂತ ಯಾರರ ಹೇಳಿದ್ರ, ಅದರ ಹಾರ್ಡ್‌ನರಿನಾಗ ಐಸೊಸಯನೇಟ್ ಅದ, ಪುಪ್ಪುಸಕ್ಕ ಭಾಳ ಕೆಟ್ಟದ್ದು. ಬಟ್ಟಿ ಮಾಸ್ಕ್ ಅದನ್ನ ತಡಿಯೂದಿಲ್ಲ. ಮನ್ಯಾಗ ಕೂಸು-ಮಕ್ಕಳಿದ್ದವರು ಆ ಕಡೆ ಹೋಗಲೇಬ್ಯಾಡ್ರಿ. ಸಾದಾ ಲ್ಯಾಕರಿಗೂ ಆವಿ ಹಿಡಿಯೋ ಕಾರ್ಟ್ರಿಜ್ ಮಾಸ್ಕ್ ಬೇಕು, ಕಿಟಕಿ ತೆಗದಿರಬೇಕು, ಹತ್ರ ದೇವರ ದೀಪ, ಗ್ಯಾಸ್ ಒಲಿ ಉರೀಬಾರ್ದು.

ಯಾದಗಿರಿ

ಮೇಲಿನವರು ಹೇಳಿದ್ದೆಲ್ಲ ಬರೋಬರಿ. ಆದರೆ ಹತಾರ, ಬಣ್ಣಕ್ಕಿಂತ ಮೊದಲು ಒಂದು ಲೆಕ್ಕ ತಲೆಯಲ್ಲಿ ಕೂರಬೇಕು. 1/24 ಅಂದರೆ ನೀವು ಹಚ್ಚುವ ಪ್ರತಿಯೊಂದನ್ನೂ 24ರಿಂದ ಗುಣಿಸಿ ನೋಡಬೇಕು. ಬಣ್ಣ 0.1 ಮಿಲಿಮೀಟರ್ ದಪ್ಪ ಕೂತರೆ ನಿಜವಾದ ಕಾರಿನ ಮೇಲೆ ಅದು 2.4 ಮಿಲಿಮೀಟರ್, ಅಂದರೆ ಗೋಡೆಗೆ ಗಿಲಾವು ಮಾಡಿದ ಹಾಗೆ. ಬಾಗಿಲಿನ ಸಂದು ನಿಜ ಕಾರಿನಲ್ಲಿ ಹೆಚ್ಚುಕಡಿಮೆ 5 ಮಿಲಿಮೀಟರ್ ಇದ್ದರೆ ಮಾಡೆಲ್‌ನಲ್ಲಿ 0.2 ಮಾತ್ರ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ದಪ್ಪಗೆ ಬಿದ್ದರೆ ಸಂದು ತುಂಬಿ ಬಾಗಿಲೇ ಮಾಯ. ಅದಕ್ಕೆ ಪ್ರೈಮರಿಗೆ ಮೊದಲೇ ಬ್ಲೇಡಿನ ಬೆನ್ನಿಂದ ಆ ಗೀರುಗಳನ್ನು ಹಗುರಾಗಿ ಎಳೆದು ಆಳ ಮಾಡಿಕೊಳ್ಳಿ. ಬಣ್ಣ ಪೂರಾ ಒಣಗಿದ ಮೇಲೆ ತೆಳು ಎನಾಮಲ್ ಬಣ್ಣ ಸಂದಿಗೆ ಹರಿಸಿ, ಹೊರಗೆ ಬಂದದ್ದನ್ನು ಟರ್ಪೆಂಟೈನ್ ಸೋಕಿಸಿದ ಹತ್ತಿಯಿಂದ ಒರೆಸಿ. ಬಿಳಿ ಕಾರಿಗೆ ಕಪ್ಪು ಹರಿಸಬೇಡಿ, ಬೂದಿ ಬಣ್ಣ ಸಾಕು. ಕಪ್ಪು ಗೀರು ಬಿದ್ದ ಬಿಳಿ ಕಾರು ಜಾತ್ರೆಯ ಆಟಿಗೆಯಂತೆ ಕಾಣುತ್ತದೆ ಎಂಬುದು ನನ್ನ ಹಟ, ಒಪ್ಪದವರೂ ಇದ್ದಾರೆ.

ಈಗ ಎಂಜಿನ್. ಕಿಟ್ಟಿನಲ್ಲಿ ಎಂಜಿನ್ ಇದ್ದರೆ ಸ್ಪಾರ್ಕ್ ಪ್ಲಗ್ ವೈರು ಹಾಕಿದ ಕೂಡಲೇ ಅದಕ್ಕೆ ಜೀವ ಬರುತ್ತದೆ. ನಿಜವಾದ ವೈರು 7ರಿಂದ 8 ಮಿಲಿಮೀಟರ್ ದಪ್ಪ, 24ರಿಂದ ಭಾಗಿಸಿದರೆ ಸುಮಾರು 0.3. ಇದಕ್ಕೆ ಆನ್‌ಲೈನ್‌ನಲ್ಲಿ ದುಡ್ಡು ಸುರಿಯುವುದು ಯಾಕೆ? ನಮ್ಮ ಭಾಗದಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ವೈಂಡಿಂಗ್ ಮಾಡುವ ಅಂಗಡಿಗಳಿಗೆ ಬರ ಇಲ್ಲ. ಅಲ್ಲಿ 30 ಗೇಜಿನ ವೈಂಡಿಂಗ್ ತಂತಿ ಕೇಳಿ. ಅದು 0.315 ಮಿಲಿಮೀಟರ್. 24ರಿಂದ ಗುಣಿಸಿದರೆ 7.6, ಅಳೆದು ಮಾಡಿಸಿದ ಹಾಗೆ ಹೊಂದುತ್ತದೆ. ತುಂಡು ತಂತಿ ಕೇಳಿದರೆ ದುಡ್ಡನ್ನೂ ತೆಗೆದುಕೊಳ್ಳದೆ ಕೊಡುವವರಿದ್ದಾರೆ. ಕಂಪ್ಯೂಟರ್ ಕೇಬಲಿನ ವೈರು ಹಾಕುವವರನ್ನು ನೋಡಿದ್ದೇನೆ. ಮೇಲಿನ ಹೊದಿಕೆ ಸೇರಿ ಅದು ಸುಮಾರು 0.9, ಅಂದರೆ ಎಂಜಿನ್ ಮೇಲೆ ಎರಡು ಸೆಂಟಿಮೀಟರ್ ದಪ್ಪದ ಪೈಪು ಮಲಗಿಸಿದಂತೆ.

ಸೀಟ್ ಬೆಲ್ಟ್ ನಿಜದಲ್ಲಿ 48 ಮಿಲಿಮೀಟರ್ ಅಗಲ, ಮಾಸ್ಕಿಂಗ್ ಟೇಪನ್ನು 2 ಮಿಲಿಮೀಟರ್ ಪಟ್ಟಿ ಕತ್ತರಿಸಿ ಬಣ್ಣ ಹಚ್ಚಿದರೆ ಆಯಿತು. ಕಿಟ್ಟಿನ ಸ್ಟಿಕರ್ ನೀರಿನಲ್ಲಿ ನೆನೆಸಿ ಅಂಟಿಸುವಂಥದ್ದು, ಅದಕ್ಕೆ ಬೋರಿನ ಸವಳು ನೀರು ಬೇಡ, ಒಣಗಿದ ಮೇಲೆ ಅಂಚಿಗೆ ಬಿಳಿ ಉಪ್ಪು ನಿಲ್ಲುತ್ತದೆ. ಬ್ಯಾಟರಿಗೆ ಹಾಕುವ ನೀರು ತನ್ನಿ.

ಬೀದರ್

ಅಂಬಾಸಿಡರ್ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ನಮ್ಮ ಮನೆತನ ಬಿದ್ರಿ ಕೆಲಸದ್ದು, ಅದಕ್ಕೇ ನನಗ ಪ್ಲಾಸ್ಟಿಕ್ಕಿಗಿಂತ ಲೋಹದ ಕಾರ್ ಮ್ಯಾಲೆ ಮನಸ್ಸು. ಲೋಹದ ಬಾಡಿ ಇರೋ ಸಣ್ಣ ಅಂಬಾಸಿಡರ್ ಸಿಕ್ರ ತೊಗೊಂಡು ಬಿಚ್ಚಿ ಹೊಸದಾಗಿ ಮಾಡ್ರಿ. ಇಂಥಾ ಕಾರಿನ ಲೋಹ ಅಂದ್ರ ಸತು, ಅದರಾಗ ಸುಮಾರು ನೂರಕ್ಕ ನಾಲ್ಕು ಅಲ್ಯುಮಿನಿಯಂ. ಬಿದ್ರಿನೂ ಸತುವೇ, ನಮ್ಮದಕ್ಕ ತಾಮ್ರ ಕೂಡಿಸ್ತಾರ. ಹಂಗಾಗಿ ಅರ ಹ್ಯಾಂಗ ಓಡ್ತದ, ಎಲ್ಲಿ ಕಚ್ತದ ಅನ್ನೋದು ಕೈಗೆ ಗೊತ್ತಾಗ್ತದ.

ಕೆಳಗಿನ ರಿವೆಟ್ಟನ್ನ ಡ್ರಿಲ್ಲಿಂದ ಬಿಡಿಸಿ, ಪ್ಲಾಸ್ಟಿಕ್ ತುಂಡೆಲ್ಲಾ ಬ್ಯಾರೆ ತೆಗದು, ಬರೇ ಲೋಹದ ಬಾಡಿಗೆ ಪೇಂಟ್ ರಿಮೂವರ್ ಹಚ್ರಿ. ಕೈಗೆ ರಬ್ಬರ್ ಗ್ಲೌಸ್ ಬೇಕು, ಪ್ಲಾಸ್ಟಿಕ್ಕಿಗೆ ತಾಗಿದ್ರ ಕರಗೇ ಹೋಗ್ತದ. ಆಮ್ಯಾಲೆ ಅಚ್ಚಿನ ಗೆರಿ ತೆಗೀಬೇಕು. ನಾವು ಕೆತ್ತೋಕಿಂತ ಮೊದ್ಲು ಮೈಲುತುತ್ತದ ನೀರು ಹಚ್ಚಿ ಮೈ ಕಪ್ಪು ಮಾಡ್ತೀವಿ, ಗೀರಿದ್ದು ಬೆಳ್ಳಗ ಎದ್ದು ಕಾಣ್ತದ. ಕಾರಿಗೂ ಅದೇ ಯುಕ್ತಿ ನಡೀತದ. ಬೂದಿ ಪ್ರೈಮರ್ ಮ್ಯಾಲೆ ಕಪ್ಪು ಬಣ್ಣ ಹಗುರಕ ಸಿಂಪಡಿಸಿ 1000ದ ಪೇಪರಿಲೆ ನೀರ್ ಹಾಕಿ ತಿಕ್ಕಿದ್ರ ತಗ್ಗಿನಾಗಷ್ಟೇ ಕಪ್ಪು ಉಳೀತದ. ಎಲ್ಲಿ ಪುಟ್ಟಿ ತುಂಬಬೇಕು ಅನ್ನೋದು ಅದೇ ತೋರಸ್ತದ. ಅಂಬಾಸಿಡರಿನ ಆ ಗುಂಡನ ಬೆನ್ನು, ಬಾನೆಟ್ಟಿನ ಇಳಿಜಾರು ಇವಕ್ಕ ಈ ಕೆಲಸ ಬಿಡಲೇಬಾರ್ದು, ಒಂದು ತಗ್ಗಿದ್ರೂ ಮಿಂಚು ಮುರೀತದ.

ಬಂಪರಿನ ಕ್ರೋಮಿಗೆ ಬೆಳ್ಳಿ ಬಣ್ಣ ಬಳೀಬ್ಯಾಡ್ರಿ. ಅಡಿಗಿ ಮನಿ ಫಾಯಿಲನ್ನ ತೆಳ್ಳನ ಅಂಟಿನ ಮ್ಯಾಲೆ ಕೂಡಿಸಿ ಹತ್ತಿ ಸುತ್ತಿದ ಕಡ್ಡಿಲೆ ತಿಕ್ರಿ.

ಶಹಾಪುರ

ಟ್ಯಾಕ್ಸಿ ಅಂದ್ರ ಧೂಳು ಬೇಕಲ್ರಿ! ನಾ ಹೊಲದ ಎರಿ ಮಣ್ಣನ್ನೇ ಧೋತರದ ಬಟ್ಟಿಲೆ ಜರಡಿ ಹಿಡಿದು ಹಾಕ್ತೀನಿ, ಬಣ್ಣ ಅಗದೀ ಖರೆ ಬರ್ತದ.

ಯಾದಗಿರಿ

ಅಣ್ಣಾರೆ, ಬಣ್ಣ ಖರೆ, ಕಣ ಸುಳ್ಳು. 0.1 ಮಿಲಿಮೀಟರ್ ಕಣ ಅಂದರೆ 2.4 ಮಿಲಿಮೀಟರ್ ಹರಳು, ಅದು ಧೂಳಲ್ಲ ಕಡಿ. ಒಣ ಪಾಸ್ಟೆಲ್ ಚಾಕನ್ನು ಪೇಪರಿಗೆ ತಿಕ್ಕಿ ಆ ಪುಡಿ ಹಾಕಿ. ಕಲಬುರಗಿ ಕಡೆಯ ಟ್ಯಾಕ್ಸಿಗೆ ಕಪ್ಪು-ಬೂದಿ, ಬೀದರ್ ರೂಟಿನದಕ್ಕೆ ಜಂಬಿಟ್ಟಿಗೆಯ ಕೆಂಪು.

ಕೇಳಿದವರು

ಭಾಳ ಉಪಕಾರ ಆಯ್ತ್ರಿ ಎಲ್ಲಾರದೂ. ಅಂಟು ತರಿಸಾಕ ಹಾಕೀನಿ. ಲೋಹದ ಬಾಡಿದು ಒಂದು ಅಂಬಾಸಿಡರ್ ಆಟಿಗಿನೂ ಸಿಕ್ಕದ, ಬಂಪರಿಂದ ಬಂಪರಿಗೆ 12 ಸೆಂಟಿಮೀಟರ್. ಡಬ್ಬಿ ಮ್ಯಾಲೆ ಅಳತಿ ಬರದಿಲ್ಲ. ಇದಕ್ಕೂ 30 ಗೇಜ್ ವೈರೇ ಹಾಕ್ಲೇನ್ರಿ ಸರ?

ಯಾದಗಿರಿ

ನಿಜವಾದ ಅಂಬಾಸಿಡರ್ 4,325 ಮಿಲಿಮೀಟರ್ ಉದ್ದ. ನಿಮ್ಮದು 120. ಭಾಗಿಸಿದರೆ 36, ಅಂದರೆ ನಿಮ್ಮದು 1/36. ವೈರು 0.2ರ ಹತ್ತಿರ ಬೇಕು, 35 ಗೇಜ್ ಕೇಳಿ. ಆದರೆ ಮೊದಲು ನೋಡಿಕೊಳ್ಳಿ, ಅದರ ಬಾನೆಟ್ ತೆರೆಯುತ್ತದೋ?

ಕೇಳಿದವರು

ಇಲ್ರಿ, ಬಾಗಿಲಷ್ಟೇ ತೆರೀತದ.

ಯಾದಗಿರಿ

ಹಂಗಾದರೆ ವೈಂಡಿಂಗ್ ಅಂಗಡಿಗೆ ಹೋಗಬೇಡಿ. ಬಾಗಿಲು ತೆರೆದರೆ ಕಾಣುವುದು ಸ್ಟಿಯರಿಂಗ್, ಅದರ ಬುಡದಲ್ಲಿನ ಗೇರ್ ಕಡ್ಡಿ, ಉದ್ದ ಸೀಟಿನ ಹೊದಿಕೆ, ಡ್ಯಾಶ್‌ಬೋರ್ಡಿನ ಮೇಲೆ ನಿಮ್ಮಪ್ಪ ಇಟ್ಟಿದ್ದ ದೇವರು. ಅಲ್ಲಿಂದ ಶುರು ಮಾಡಿ.