ಕೋವಿಡ್ ನಿಜಕ್ಕೂ ಎಷ್ಟು ಮಾರಕವಾಗಿತ್ತು?

ಎಡದಂಡೆಯವ, ಸಿಂಧನೂರು:
ಮಾನ್ಯರೇ, ಮೊನ್ನೆ ಭತ್ತ ಮಾರಲು ಎಪಿಎಂಸಿಗೆ ಹೋದಾಗ ನಮ್ಮ ಸೋದರಮಾವನವರೊಂದಿಗೆ ದೊಡ್ಡ ವಾದವೇ ನಡೆಯಿತು. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು, ಜಗತ್ತಿನಲ್ಲಿ ವರದಿಯಾದ ಸೋಂಕಿತರ ಪೈಕಿ ಶೇ 3.4ರಷ್ಟು ಮಂದಿ ಸತ್ತಿದ್ದಾರೆ ಎಂದಿದ್ದರು. ನಮ್ಮ ದೇಶದ ಸರ್ಕಾರಿ ಲೆಕ್ಕದಲ್ಲಿ ಸುಮಾರು 4.5 ಕೋಟಿ ಪ್ರಕರಣಗಳಿಗೆ 5.3 ಲಕ್ಷ ಸಾವು, ಅಂದರೆ ಶೇ 1.2ರ ಆಸುಪಾಸು. ‘ಇಷ್ಟಕ್ಕೇ ಊರೂರು ಬಾಗಿಲು ಹಾಕಿಸಿದರಲ್ಲ’ ಎಂಬುದು ಮಾವನವರ ಆಕ್ಷೇಪ. ಒಂದೇ ವೈರಾಣುವಿಗೆ ಎರಡು ಅಂಕಿಗಳೇಕೆ?

ನಿವೃತ್ತ ಲ್ಯಾಬ್ ಟೆಕ್ನಿಶಿಯನ್, ರಾಯಚೂರು:
ತೊಡಕಿರುವುದು ಭಿನ್ನರಾಶಿಯ ಛೇದದಲ್ಲಿ, ಅಂದರೆ ಕೆಳಗೆ ಬರೆಯುವ ಸೋಂಕಿತರ ಸಂಖ್ಯೆಯಲ್ಲಿ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನು ಮಾತ್ರ ಎಣಿಸಿದರೆ ಸಾವಿನ ಪ್ರಮಾಣ ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ತೀವ್ರವಾಗಿ ನರಳುತ್ತಿದ್ದವರಿಗೇ ಹೆಚ್ಚಾಗಿ ಪರೀಕ್ಷೆ ನಡೆಯುತ್ತಿತ್ತು. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ರಕ್ತ ಸಮೀಕ್ಷೆಯಲ್ಲಿ ಶೇ 67.6ರಷ್ಟು ಜನರಲ್ಲಿ ಪ್ರತಿಕಾಯಗಳು (ಸೋಂಕು ಇಲ್ಲವೇ ಲಸಿಕೆಯ ನಂತರ ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳು) ಕಂಡವು. ಲಸಿಕೆಯಿಂದ ಬಂದವೂ ಅದರಲ್ಲಿದ್ದವೆನ್ನಿ, ಆದರೆ ಲಸಿಕೆ ಪಡೆಯದವರಲ್ಲೂ ಪ್ರಮಾಣ ಶೇ 60 ದಾಟಿತ್ತು. ಆಗ ಅಧಿಕೃತ ಪ್ರಕರಣಗಳು ಮೂರು ಕೋಟಿಯಷ್ಟೇ. ಸೋಂಕು ತಗುಲಿದವರನ್ನೆಲ್ಲ ಕೆಳಗೆ ಬರೆದು ಭಾಗಿಸಿದರೆ ಶೇ 1.2 ಎಂಬುದು ಶೇ 0.1ಕ್ಕೂ ಕೆಳಗಿಳಿಯುತ್ತದೆ.

ಗಣಿತ ಶಿಕ್ಷಕಿ, ಕುಷ್ಟಗಿ:
ಸರ್, ತಾವು ಛೇದವನ್ನು ತಿದ್ದಿ ಅಂಶವನ್ನು, ಅಂದರೆ ಮೇಲೆ ಬರೆಯುವ ಸಾವುಗಳ ಸಂಖ್ಯೆಯನ್ನು, ಹಾಗೆಯೇ ಬಿಟ್ಟಿದ್ದೀರಿ. ಎರಡನೇ ಅಲೆಯಲ್ಲಿ ನಮ್ಮ ಓಣಿಯಲ್ಲಿ ಜ್ವರ ಬಂದು, ಉಸಿರು ಸಾಲದೆ ಮನೆಯಲ್ಲೇ ತೀರಿಕೊಂಡ ಇಬ್ಬರು ಹಿರಿಯರ ಮೂಗಿಗೆ ಯಾರೂ ಕಡ್ಡಿ ಹಾಕಿರಲಿಲ್ಲ, ಹೀಗಾಗಿ ಅವರು ಯಾವ ಪಟ್ಟಿಯಲ್ಲೂ ಸೇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020 ಮತ್ತು 2021ರಲ್ಲಿ ಭಾರತದಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳು ಸುಮಾರು 47 ಲಕ್ಷವೆಂದು ಅಂದಾಜಿಸಿತು. ಲೆಕ್ಕ ಹಾಕಿದ ವಿಧಾನವನ್ನು ಕೇಂದ್ರ ಸರ್ಕಾರ ಒಪ್ಪಲಿಲ್ಲ, ಮತ್ತು ಚಿಕಿತ್ಸೆ ಸಿಗದೆ ಬೇರೆ ಕಾಯಿಲೆಗಳಿಂದ ಸತ್ತವರೂ ಆ ಸಂಖ್ಯೆಯಲ್ಲಿದ್ದಾರೆ. ಅದನ್ನು ಅರ್ಧಕ್ಕಿಳಿಸಿದರೂ ಸರ್ಕಾರಿ ಲೆಕ್ಕದ ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ. ಛೇದವನ್ನು ಅಂದಾಜಿನಿಂದ ಹಿಗ್ಗಿಸುವವರು ಅಂಶಕ್ಕೆ ಮಾತ್ರ ಮರಣಪತ್ರ ಕೇಳುವುದು ನ್ಯಾಯವಲ್ಲ.

ಬಳ್ಳಾರಿಯ ಓದುಗ:
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಸರಾಸರಿಯೇ ದಾರಿ ತಪ್ಪಿಸುತ್ತದೆ. ಲಸಿಕೆ ಬರುವ ಮುನ್ನ ಹಲವು ದೇಶಗಳ ಮಾಹಿತಿಯಿಂದ ಮಾಡಿದ ಅಂದಾಜಿನಲ್ಲಿ ಸೋಂಕಿತರ ಸಾವಿನ ಪ್ರಮಾಣ 25ನೇ ವಯಸ್ಸಿನಲ್ಲಿ ಶೇ 0.01, 55ರಲ್ಲಿ ಶೇ 0.4, 65ರಲ್ಲಿ ಶೇ 1.4, 75ರಲ್ಲಿ ಶೇ 4.6 ಇತ್ತು. ಎಳೆಯರೇ ಹೆಚ್ಚಿರುವ ನಮ್ಮ ಜಿಲ್ಲೆಗಳ ಸರಾಸರಿಯನ್ನೂ ಮುದುಕರು ತುಂಬಿರುವ ಇಟಲಿಯದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತಿಳಿಯುವುದು ಜನರ ವಯಸ್ಸೇ ಹೊರತು ವೈರಾಣುವಿನ ಗುಣವಲ್ಲ. ಇನ್ನು ಆಮ್ಲಜನಕ: 2021ರ ಮೇನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಹೊರಡುತ್ತಿದ್ದವು, ಕಾರ್ಖಾನೆಯ ಬಳಿಯೇ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೂ ಎದ್ದಿತ್ತು. ಆಮ್ಲಜನಕ ಸಿಕ್ಕವನಿಗೆ ಒಂದು ಪ್ರಮಾಣ, ಸಿಗದವನಿಗೆ ಇನ್ನೊಂದು; ಆ ಎರಡನೆಯದನ್ನು ಯಾರೂ ಸರಿಯಾಗಿ ಅಳೆಯಲಿಲ್ಲ.

ಎಡದಂಡೆಯವ, ಸಿಂಧನೂರು:
ಎಲ್ಲರಿಗೂ ವಂದನೆಗಳು. ಮಾವನವರಿಗೆ ಈಗ 74 ವರ್ಷ. ವಯಸ್ಸಿನ ಸಾಲನ್ನು ಓದಿ ಹೇಳಿದಾಗ ‘ಇಪ್ಪತ್ತೆರಡು ಮಂದಿಗೆ ಒಬ್ಬನಂತೆಯೋ’ ಎಂದು ತಾವೇ ಬೆರಳೆಣಿಸಿ ಸ್ವಲ್ಪ ಹೊತ್ತು ಸುಮ್ಮನಾದರು. ಊರು ಮುಚ್ಚಿಸಿದ್ದು ತಪ್ಪೆಂಬ ಪಟ್ಟನ್ನು ಮಾತ್ರ ಅವರಿನ್ನೂ ಬಿಟ್ಟಿಲ್ಲ.