ಲಯದ ಲೆಕ್ಕದಲ್ಲಿ 'ಮಾತ್ರೆ' ಅಂದರೆ ಎಷ್ಟು? ಪೆಟ್ಟು ಬೀಳುವ, ಬೀಳದ ಜಾಗಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ತುಮಕೂರಿನಿಂದ ಬರೆಯುತ್ತಿದ್ದೇನೆ. ತಾಳದ ಲೆಕ್ಕ ಹಾಕುವ ಒಂದು ಸಣ್ಣ ಪ್ರೋಗ್ರಾಮ್ ಮಾಡಲು ಹೊರಟವನು ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲು ಎಡವಿದ್ದು 'ಲಘು'ವಿನಲ್ಲಿ. ಶಾಲೆಯಲ್ಲಿ ಛಂದಸ್ಸು ಕಲಿತ ತಲೆ ನನ್ನದು. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಅದನ್ನೇ ಕಂಪ್ಯೂಟರಿಗೂ ಹೇಳಿಕೊಟ್ಟೆ. ಆದಿತಾಳದ ಒಂದು ಸುತ್ತಿನಲ್ಲಿ ಒಂದು ಲಘು, ಎರಡು ದ್ರುತ ಅನ್ನುವ ಭಾಗಗಳು. ದ್ರುತಕ್ಕೆ ಎರಡೆರಡು. ಉತ್ತರ ಐದು ಅಂತ ಬಂತು! ಮೃದಂಗ ಕಲಿಯುತ್ತಿರುವ ತಂಗಿಯ ಮಗಳು ನಕ್ಕುಬಿಟ್ಟಳು. "ಮಾವ, ತಾಳದ ಲಘುವಿಗೆ ಜಾತಿ ಇರುತ್ತೆ" ಅಂದಳು. ನಿಜ. ಲಘುವಿಗೆ ಎಷ್ಟು ಎಣಿಕೆ ಅನ್ನುವುದೇ ಜಾತಿ: ತಿಶ್ರವಾದರೆ 3, ಚತುರಶ್ರ 4, ಖಂಡ 5, ಮಿಶ್ರ 7, ಸಂಕೀರ್ಣ 9. ಆದಿತಾಳ ಅಂದರೆ ಚತುರಶ್ರ ಜಾತಿಯ ತ್ರಿಪುಟ, 4+2+2, ಒಟ್ಟು 8. ಏಳು ತಾಳಕ್ಕೆ ಐದು ಜಾತಿ ಸೇರಿ 35, ಐದು ಗತಿಯೂ (ಒಂದೊಂದು ಎಣಿಕೆಯನ್ನು ಎಷ್ಟು ಪಾಲು ಮಾಡುತ್ತೇವೆ ಅನ್ನುವುದು) ಸೇರಿದರೆ 175. ಇಷ್ಟು ಚೆಂದದ ಲೆಕ್ಕವನ್ನು ನಾನು ಒಂದೇ ಪದದಿಂದ ಕೆಡಿಸಿದ್ದೆ.

'ಮಾತ್ರೆ' ಇನ್ನೂ ತಲೆನೋವು. ಭಾಮಿನಿ ಷಟ್ಪದಿಯಲ್ಲಿ 3-4ರ ಗಣ ಹಾಕುವಾಗ ಅದು ಒಂದು ಹ್ರಸ್ವಾಕ್ಷರದ ಹೊತ್ತು. ಹಿಂದೂಸ್ತಾನಿಯವರ ತೀನ್‌ತಾಲದಲ್ಲಿ 16 ಮಾತ್ರೆ, ಅಲ್ಲಿ ಬೆರಳಿನಲ್ಲಿ ಎಣಿಸುವ ಎಣಿಕೆಯೇ ಮಾತ್ರೆ. ನಮ್ಮ ಕರ್ನಾಟಕ ಪದ್ಧತಿಯಲ್ಲಿ ಎಣಿಕೆಗೆ 'ಅಕ್ಷರ' ಅನ್ನುತ್ತಾರೆ. ಚತುರಶ್ರ ಗತಿಯಲ್ಲಿ ಆ ಅಕ್ಷರದ ನಾಲ್ಕನೇ ಒಂದು ಪಾಲು ಮಾತ್ರೆ. ಹಾಗಾಗಿ ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಪೂರ್ತಿ ಸುತ್ತಿಗೆ, 32 ಮಾತ್ರೆ. ಮೂರು ಕಡೆ ಮೂರು ಅಳತೆ. ನಾಲ್ಕನೆಯದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದು ಬಿಡಿ. ಅಕ್ಷರ ಅಂತಲೇ ಬರೆಯೋಣ ಅಂದರೆ ಕಂಪ್ಯೂಟರಿನವರಿಗೆ ಅಕ್ಷರ ಅಂದರೆ ಅ ಆ ಇ ಈ.

ಈಗ ನಿಜವಾದ ಪ್ರಶ್ನೆ. ಗಾಡ್‌ಫ್ರೀಡ್ ಟೂಸಾಂ ಎಂಬ ಗಣಕ ವಿಜ್ಞಾನಿ 2005ರಲ್ಲಿ ಒಂದು ಸೊಗಸಾದ ವಿಷಯ ತೋರಿಸಿದರು. ಎಂಟು ಜಾಗದಲ್ಲಿ ಮೂರು ಪೆಟ್ಟನ್ನು ಆದಷ್ಟು ಸಮನಾಗಿ ಹಂಚಿ ಅಂದರೆ 3+3+2 ಬರುತ್ತದೆ. ಒಂದು-ಸೊನ್ನೆಯಲ್ಲಿ ಬರೆದರೆ 1 0 0 1 0 0 1 0. ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯಲು ಯೂಕ್ಲಿಡ್ ಹೇಳಿದ ದಾರಿಯೇ ಈ ಹಂಚಿಕೆಗೂ ಸಾಕು. ಲೋಕದ ಎಷ್ಟೋ ನಾಡುಗಳ ಲಯಗಳು ಹೀಗೇ ಹುಟ್ಟುತ್ತವೆ.

ಇಲ್ಲಿ 1 ಬಂದರೆ 'ಪೆಟ್ಟು'. ಅದರಲ್ಲಿ ಗೊಂದಲವಿಲ್ಲ. ಆದರೆ ಪೆಟ್ಟು ಬೀಳಲಿ ಬೀಳದಿರಲಿ, ಆ ಜಾಗಕ್ಕೆ ಏನನ್ನೋಣ? ಮೃದಂಗದವರ 'ಕಾರ್ವೆ' ಇದೆ. ಅದು ಪೆಟ್ಟಾದ ಮೇಲೆ ಎಳೆಯುವ ಬಿಡುವು, ಒಂದೊಂದು ಜಾಗದ ಹೆಸರಲ್ಲ. ನಮ್ಮ ಬೀದಿಯಲ್ಲಿ ತಮಟೆ ಬಾರಿಸುವ ಅಣ್ಣನೊಬ್ಬನಿದ್ದಾನೆ, ಅವನನ್ನೂ ಕೇಳಿದೆ. "ಹೊಡೀದೆ ಇರೋದಕ್ಕೆ ಹೆಸರು ಯಾಕೆ ಸಾ, ಅಲ್ಲಿ ಕುಣಿಯೋರ ಕಾಲು ಬೀಳುತ್ತಲ್ಲ" ಅಂದ. ಅಂದರೆ ಅವನಿಗೆ ಅದು ಖಾಲಿಯೇ ಅಲ್ಲ!

ನನಗೆ ತೋಚಿದ್ದು 'ಮನೆ'. ಚೌಕಾಬಾರದಲ್ಲಿ ಕಾಯಿ ನಡೆಸುವಾಗ ಅನ್ನುತ್ತೇವಲ್ಲ, ಆ ಮನೆ. ಎಂಟು ಮನೆ, ಮೂರು ಪೆಟ್ಟು. ತುಂಬಿದ ಮನೆ, ಖಾಲಿ ಮನೆ. ಮಕ್ಕಳಿಗೂ ತಕ್ಷಣ ತಿಳಿಯುತ್ತದೆ. 'ಕಾಲಘಟಕ' ಅಂತ ಒಬ್ಬರು ಸೂಚಿಸಿದರು, ಬೇಡ ಅನ್ನಿಸಿತು. ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ.

'ಮನೆ'ಗೆ ಯಾರದಾದರೂ ತಕರಾರಿದೆಯಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇನ್ನೊಂದು ಪ್ರಶ್ನೆ. ನಿಮ್ಮಲ್ಲಿ ತಮಟೆಯವರು ಪೆಟ್ಟು ಅನ್ನುತ್ತಾರೋ, ಏಟು ಅನ್ನುತ್ತಾರೋ, ತೆಲುಗಿನ 'ದೆಬ್ಬ'ವನ್ನೇ ಬಳಸುತ್ತಾರೋ? ಹಾಗೇ ಎರಡು ದೆಬ್ಬದ ನಡುವೆ ಬಿಡುವುದಕ್ಕೆ ಅವರಲ್ಲಾದರೂ ಒಂದು ಪದ ಇದ್ದರೆ ದಯವಿಟ್ಟು ತಿಳಿಸಿ.