ಸ್ಟ್ರೋಕ್ ಆದ್ಮೇಲೆ ಮೆದುಳು ಉಳಿಸೋಕೆ ಗಿಡಮೂಲಿಕೆ ಎಕ್ಸ್‌ಟ್ರ್ಯಾಕ್ಟ್ ಕೊಡಬಹುದಾ?

ಪ್ರಶ್ನೆ:
ಅಪ್ಪಂಗೆ ಸ್ಟ್ರೋಕ್ ಆಗಿ ಎರಡು ತಿಂಗಳಾಯ್ತು, ರಕ್ತ ಹೆಪ್ಪುಗಟ್ಟಿ ಆಗಿದ್ದು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಶರ್ಟಿನ ಮೇಲಿನ ಗುಂಡಿ ಒಂದು ಹಾಕೋಷ್ಟರಲ್ಲಿ ಸುಸ್ತಾಗಿ ಕೂತ್ಬಿಡ್ತಾರೆ, ನೋಡೋಕಾಗಲ್ಲ. ಗಿಂಕ್ಗೊ (ಒಂದು ಮರದ ಎಲೆಯ ಸಾರ), ಕರ್ಕ್ಯುಮಿನ್ (ಅರಿಶಿನದಲ್ಲಿರೋದು) ಎಲ್ಲಾ ಇಲಿಗಳಿಗೆ ಕೊಟ್ಟಾಗ ಮೆದುಳಿನ ಡ್ಯಾಮೇಜ್ ಕಮ್ಮಿ ಆಯ್ತು ಅಂತ ಓದ್ದೆ. ಕ್ಯಾಪ್ಸೂಲ್ ಶುರು ಮಾಡ್ಲಾ? ರಕ್ತ ಮತ್ತೆ ಹೆಪ್ಪುಗಟ್ಟದೇ ಇರ್ಲಿ ಅಂತ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೀತಿದೆ.

ಉತ್ತರ 1:
ಆ ಇಲಿ ಪ್ರಯೋಗ ಹೇಗೆ ಮಾಡ್ತಾರೆ ಅಂತ ಮೊದ್ಲು ನೋಡಿ. ಕತ್ತಿನ ರಕ್ತನಾಳದ ಒಳಗಿಂದ ಸಣ್ಣ ನೈಲಾನ್ ದಾರ ತೂರಿಸಿ ಮೆದುಳಿಗೆ ಹೋಗೋ ರಕ್ತ ತಡೀತಾರೆ, ಯಾವ ನಿಮಿಷಕ್ಕೆ ನಿಲ್ತು ಅಂತ ಕರೆಕ್ಟಾಗಿ ಗೊತ್ತಿರುತ್ತೆ, ಎಷ್ಟೋ ಸಲ ಎಕ್ಸ್‌ಟ್ರ್ಯಾಕ್ಟನ್ನ ದಿನಗಳ ಮುಂಚೆಯಿಂದಾನೇ ಕೊಟ್ಟಿರ್ತಾರೆ. ಮನುಷ್ಯರಿಗೆ ಯಾರು ಮುಂಚೆ ಹೇಳಿ ಸ್ಟ್ರೋಕ್ ಆಗುತ್ತೆ? ದೊಡ್ಡ ರಕ್ತನಾಳ ಮುಚ್ಕೊಂಡ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತೆ ಅನ್ನೋ ಲೆಕ್ಕ ಇದೆ. ಸತ್ತ ಜಾಗದ ಸುತ್ತ ಇನ್ನೂ ಜೀವ ಹಿಡ್ಕೊಂಡಿರೋ ಭಾಗ ಒಂದಿರುತ್ತೆ, ಉಳಿಸಬೇಕಾಗಿರೋದು ಅದನ್ನೇ, ಆದ್ರೆ ಅದಕ್ಕಿರೋದು ಗಂಟೆಗಳ ಅವಕಾಶ. ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡೋದು ಅದಕ್ಕೇ. ಎರಡು ತಿಂಗಳಾದ್ಮೇಲೆ ಕಾಪಾಡೋಕೆ ಆ ಭಾಗಾನೇ ಇರಲ್ಲ, ಈಗ ನಡೀಬೇಕಿರೋದು ಉಳಿದ ಮೆದುಳು ಕೆಲಸ ಕಲಿಯೋದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಗಿಡದಿಂದ ಏನೂ ಬಂದಿಲ್ಲ ಅನ್ಕೋಬೇಡಿ. ಸೆಲರಿ ಬೀಜದಲ್ಲಿ ಸಿಕ್ಕಿದ ಬ್ಯೂಟೈಲ್‌ಥ್ಯಾಲೈಡ್ ಅನ್ನೋದನ್ನ ಚೀನಾದಲ್ಲಿ ಔಷಧಿಯಾಗಿ ಬಳಸ್ತಾರೆ. 2023ರಲ್ಲಿ ಬಂದ 1,216 ಜನರ ಟ್ರಯಲ್‌ನಲ್ಲಿ ಅದನ್ನ ತಗೊಂಡವರಲ್ಲಿ 56.7% ಜನ 90 ದಿನಕ್ಕೆ ಚೆನ್ನಾಗಿ ಚೇತರಿಸ್ಕೊಂಡಿದ್ರು, ಡಮ್ಮಿ ಔಷಧಿ ತಗೊಂಡವರಲ್ಲಿ 44%. ಆದ್ರೆ ಗಮನಿಸಿ, ಕೊಟ್ಟಿದ್ದು ಸ್ಟ್ರೋಕ್ ಆದ 6 ಗಂಟೆ ಒಳಗೆ, ಹೆಪ್ಪು ತೆಗೆಯೋ ಟ್ರೀಟ್ಮೆಂಟ್ ಜೊತೆಗೆ. ಬರೀ ಸೆಲರಿ ತಿಂದ್ರೆ ಅದಾಗಲ್ಲ. ನ್ಯೂರೋಏಡ್ ಅನ್ನೋ ಗಿಡಮೂಲಿಕೆ ಕ್ಯಾಪ್ಸೂಲನ್ನ ಸುಮಾರು 1,100 ಜನರ ಟ್ರಯಲ್‌ನಲ್ಲಿ ಡಮ್ಮಿ ಔಷಧಿ ಜೊತೆ ಹೋಲಿಸಿ ನೋಡಿದ್ರು, 2013ರಲ್ಲಿ ರಿಸಲ್ಟ್ ಬಂತು, ಮೂರು ತಿಂಗಳಿಗೆ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ.

ಉತ್ತರ 3:
ನಂಗೆ ಭಯ ಆಗಿದ್ದು ನಿಮ್ಮ ಕೊನೇ ಲೈನ್ ಓದಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮೇಲೆ ಗಿಂಕ್ಗೊ ಸೇರಿಸಿದ್ರೆ ರಕ್ತಸ್ರಾವದ ರಿಸ್ಕ್ ಜಾಸ್ತಿ ಆಗಬಹುದು, ದಯವಿಟ್ಟು ಡಾಕ್ಟರ್‌ಗೆ ಕೇಳದೆ ಕೊಡಬೇಡಿ. ನಮ್ಮಮ್ಮಂಗೆ ನಾನು ಯಾರಿಗೂ ಹೇಳದೆ ಕೊಟ್ಟಿದ್ದೆ, ಕೆಲವೇ ದಿನಕ್ಕೆ ತೋಳಿನ ಮೇಲೆ ನೀಲಿ ಕಲೆ, ಹಲ್ಲುಜ್ಜುವಾಗ ವಸಡಲ್ಲಿ ರಕ್ತ, ಅದರಿಂದಾನೇ ಅಂತ ಖಚಿತವಾಗಿ ಹೇಳಕ್ಕಾಗಲ್ಲ ಆದ್ರೆ ಡಾಕ್ಟರ್ ತಕ್ಷಣ ನಿಲ್ಲಿಸಿದ್ರು. ಗುಂಡಿ ವಿಷಯಕ್ಕೆ: ಮೈಮೇಲಿನ ಶರ್ಟಲ್ಲಿ ಬೇಡ, ದೊಡ್ಡ ಗುಂಡಿ ಇರೋ ಶರ್ಟ್ ಟೇಬಲ್ ಮೇಲೆ ಹರಡಿ ಕೂತ್ಕೊಂಡು ಪ್ರಾಕ್ಟೀಸ್ ಮಾಡಿಸಿ, ಥೆರಪಿಸ್ಟ್ ಅಮ್ಮಂಗೆ ಹಾಗೇ ಹೇಳ್ಕೊಟ್ಟಿದ್ದು.

ಪ್ರಶ್ನೆ ಕೇಳಿದವರು:
ಕ್ಯಾಪ್ಸೂಲ್ ತರಿಸಿಟ್ಟಿದ್ದೆ, ಕೊಡಲ್ಲ. ಗುಂಡಿ ಪ್ರಾಕ್ಟೀಸ್ ದಿನಕ್ಕೆ ಎಷ್ಟು ಹೊತ್ತು ಮಾಡಿಸ್ತಿದ್ರಿ?

ಉತ್ತರ 3:
ಹತ್ತತ್ತು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಸುಸ್ತಾಗೋ ಮುಂಚೇನೇ ನಿಲ್ಲಿಸ್ತಿದ್ವಿ.